ವಾಲಿಂಗನ ಕ್ಯಾರವಾನಿಗೊಂದು ಕಾರು

ಸೀಟ್ಸೆ ತನ್ನ ಹಸುಗಳನ್ನೆಲ್ಲ ಮಾರಿದ ಮೇಲೆ ಕೊಟ್ಟಿಗೆಯಲ್ಲಿ ಕ್ಯಾರವಾನುಗಳನ್ನು, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆಗಳನ್ನು, ಕಟ್ಟಿಹಾಕತೊಡಗಿದ. ಮೇವು ಬೇಡ, ಸಗಣಿ ಬಾಚುವ ಗೋಜಿಲ್ಲ, ಬಾಡಿಗೆ ಮಾತ್ರ ತಪ್ಪದೆ ಬರುತ್ತದೆ. ಉತ್ತರದ ಕಡಲಂಚಿನ ನಮ್ಮ ಬಿಲ್ಟ್ ಸೀಮೆಯ ಅರ್ಧ ಜನರ ಕ್ಯಾರವಾನುಗಳು ಚಳಿಗಾಲವಿಡೀ ಅಲ್ಲೇ ಮಲಗಿರುತ್ತವೆ, ಒಂದರ ಬೆನ್ನಿಗೆ ಇನ್ನೊಂದರ ಮೂಗು ತಾಗಿಸಿಕೊಂಡು. ಕಟ್ಟಳೆ ಒಂದೇ: ಕೊನೆಗೆ ಒಳಗೆ ಹೋದದ್ದು ಮೊದಲು ಹೊರಗೆ ಬರಬೇಕು. ಬಾಗಿಲಲ್ಲಿ ಮಲಗಿದವರು ಎದ್ದರೆ ತಾನೇ ಒಳಗಿನವರಿಗೆ ದಾರಿ.

ಕಳೆದ ಶರತ್ಕಾಲದಲ್ಲಿ ಎಲ್ಲರಿಗಿಂತ ಕೊನೆಗೆ ತಂದು ನಿಲ್ಲಿಸಿದವನು ವಾಲಿಂಗ್. ಅವನ ಹೆಂಡತಿ ಆಫ್ಕೆ ಕೊಟ್ಟಿಗೆಯ ಬಾಗಿಲು ಹಿಡಿದು ನಿಂತಿದ್ದಳು, ಅವನು ಒಂದೇ ಏಟಿಗೆ ಹಿಂದಕ್ಕೆ ಬಿಟ್ಟು ಗೋಡೆಗೆ ಒಂದು ಗೇಣು ಉಳಿಸಿ ನಿಲ್ಲಿಸಿದ್ದ. ಅದಾಗಿ ತಿಂಗಳು ತುಂಬುವುದರೊಳಗೆ ಸ್ನಾನದ ಮನೆಯಲ್ಲಿ ಕುಸಿದುಬಿದ್ದ. ಲಕ್ವ. ದೇವರು ದೊಡ್ಡವನು, ಕೈ ಬಂತು, ಕಾಲು ಬಂತು, ನಾಲಿಗೆಯೂ ಬಂತು. ಬಾರದೇ ಉಳಿದದ್ದು ಎಡಗಡೆಯ ನೋಟ. ಎರಡು ಕಣ್ಣಿಗೂ ಎಡಭಾಗದ ಲೋಕ ಕಾಣಿಸುತ್ತಿರಲಿಲ್ಲ. ಇನ್ನು ಕಾರು ಓಡಿಸುವ ಮಾತು ಬೇಡ ಎಂದು ಡಾಕ್ಟರು ಆಫ್ಕೆಯ ಎದುರಿಗೇ ಹೇಳಿದ್ದರು. ವಾಲಿಂಗನ ಪ್ರಕಾರ ಅವನಿಗೆ ಬೇಕಾಗಿದ್ದದ್ದು ಹೊಸ ಕನ್ನಡಕ, ಅಷ್ಟೆ. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ಬಡಿದರೆ ಬಾಗಿಲನ್ನೇ ಬೈಯುತ್ತಿದ್ದ.

ಯಜಮಾನನಂತೆ ಅವನ ಹಳೇ ಕಾರೂ ಹಾಸಿಗೆ ಹಿಡಿಯಿತು. ಫೆಬ್ರವರಿಯ ತಪಾಸಣೆಯಲ್ಲಿ ತಳವೆಲ್ಲ ತುಕ್ಕು ತಿಂದಿದೆ ಎಂದು ಗೊತ್ತಾಗಿ ಗುಜರಿಗೆ ಹೋಯಿತು. ಈಗ ಕ್ಯಾರವಾನಿದೆ, ಎಳೆಯುವುದಕ್ಕೆ ಕಾರಿಲ್ಲ. ಸೀಟ್ಸೆ ಮಾತ್ರ ಮೇ ತಿಂಗಳ ಎರಡನೇ ಶನಿವಾರದೊಳಗೆ ಬಾಗಿಲು ಖಾಲಿಯಾಗಬೇಕು ಎಂದು ಹೇಳಿ ಕಳಿಸಿದ್ದ. ಪಕ್ಕದ ಮನೆಯ ಹೈನ್ ಬೇಲಿಯಾಚೆಯಿಂದಲೇ ಕೇಳಿದ್ದ:

"ಸುಮ್ನೆ ಯಾಕೆ ತಲೆಬಿಸಿ ಆಫ್ಕೆ, ಕ್ಯಾರವಾನ್ ನಂಗೆ ಕೊಟ್ಬಿಡು. ಒಳ್ಳೆ ಬೆಲೆ ಕೊಡ್ತೀನಿ. ನಿಮ್ಗೆ ಇನ್ಯಾಕೆ ಅದು?"

ಆ ಕೊನೆಯ ಮಾತು ಆಫ್ಕೆಯ ಎದೆಗೆ ಚುಚ್ಚಿತು. ಕ್ಯಾರವಾನಿನ ಮೇಲೆ ಅವಳಿಗೇನೂ ಅಂಥ ವ್ಯಾಮೋಹವಿರಲಿಲ್ಲ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ವಾಲಿಂಗ್ ಕಿಟಕಿಯ ಪಕ್ಕದ ಕುರ್ಚಿ ಹಿಡಿದವನು ಊಟ ಹೇಗಿದೆ ಎಂದರೆ ಸರಿ, ನಿದ್ದೆ ಬಂತಾ ಎಂದರೆ ಸರಿ, ಅದು ಬಿಟ್ಟರೆ ಮಾತಿಲ್ಲ. ಅವರು ರಜೆಗೆ ಬಿಡಾರ ಹೂಡುವ ಫ್ರಾನ್ಸಿನ ಹೊಳೆದಂಡೆಯ ಬಯಲು, ಅಲ್ಲಿ ಪ್ರತಿ ಜುಲೈಗೆ ಸಿಗುವ ಅದೇ ಜನ, ಯಾವ ಮರದ ಕೆಳಗೆ ಈ ಸಲ ನಿಲ್ಲಿಸುವುದು, ಈ ಸುದ್ದಿ ಎತ್ತಿದರೆ ಮಾತ್ರ ಅವನ ಮುಖಕ್ಕೆ ಬಣ್ಣ ಬರುತ್ತಿತ್ತು. ಕ್ಯಾರವಾನು ಹೈನನ ಪಾಲಾದರೆ ಈ ಮನುಷ್ಯ ಆ ಕುರ್ಚಿಯಿಂದ ಏಳುವುದೇ ಇಲ್ಲ ಎಂಬ ಹೆದರಿಕೆ ಅವಳಿಗೆ. ಈ ಬೇಸಗೆಗೆ ಹೋಗಲೇಬೇಕು. ಹೋಗಬೇಕಾದರೆ ತಾನೇ ಎಳೆದುಕೊಂಡು ಹೋಗಬೇಕು. ಆ ಮಾತನ್ನು ಗಂಡನ ಎದುರು ಆಡುವುದು ಹೇಗೆ? ಬಿಸಿತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ.

ಹಾಗಾಗಿ ಅವಳು ಕಾರಿನಿಂದ ಶುರು ಮಾಡಿದಳು.

ಹಳೇ ಕಾರು ಮಾರುವ ಯೋರಿಟನ ಅಂಗಳ ಕಡಲ ನೀರು ತಡೆಯುವ ಒಡ್ಡಿನ ಕೆಳಗಿದೆ. ಅವನು ಇಬ್ಬರಿಗೂ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬ ತೆರೆದು ಒಂದೊಂದು ಎತ್ತಿಕೊಳ್ಳಲು ಬಿಟ್ಟು, ಟಪ್ಪನೆ ಮುಚ್ಚಳ ಹಾಕಿದ. ಅವರ ಕೈಗೆಟಕುವ ಬೆಲೆಯಲ್ಲಿ ಎಳೆಯುವ ಕೊಂಡಿ ಇರುವ ಕಾರು ಎರಡೇ ಇದ್ದವು. ಒಂದು ಉದ್ದನೆಯ ಡೀಸೆಲ್ ಕಾರು, ಕಡುನೀಲಿ, ಹಡಗಿನಂಥದ್ದು. ಇನ್ನೊಂದು ಬೂದು ಬಣ್ಣದ ಪೆಟ್ರೋಲ್ ಕಾರು. ಸ್ವಲ್ಪ ಗಿಡ್ಡ, ಆದರೆ ಇಂಜಿನ್ನು ಗಟ್ಟಿ, ಓಡಿದ್ದೂ ಕಡಿಮೆ.

ವಾಲಿಂಗ್ ಬೂದು ಕಾರಿನ ಕಡೆ ತಿರುಗಿಯೂ ನೋಡದೆ ನೀಲಿ ಕಾರಿನ ಬಾಗಿಲು ತೆರೆದು ಚಾಲಕನ ಜಾಗದಲ್ಲಿ ಕುಳಿತ. ಸೀಟನ್ನು ಹಿಂದಕ್ಕೆ ತಳ್ಳಿಕೊಂಡು ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದ.

"ಇದು ಕಾರು ಅಂದ್ರೆ. ಮುಂದಿರೋದು ಭಾರ ಇದ್ರೆ ಹಿಂದಿರೋದು ಬಾಲ ಆಡ್ಸಲ್ಲ."

"ಅದು ನಿಜ," ಎಂದ ಯೋರಿಟ್. "ಆದ್ರೆ ಡೀಸೆಲ್ಲು, ಅದ್ರಲ್ಲೂ ಭಾರದ್ದು. ರಸ್ತೆ ತೆರಿಗೆ ಚರ್ಮ ಸುಲಿಯುತ್ತೆ. ನಿಮ್ಮ ಕ್ಯಾರವಾನ್ ಎಷ್ಟು ತೂಕ?"

"ಸಾವಿರದಿನ್ನೂರು ಕಿಲೋ."

"ಹಾಗಿದ್ರೆ ಬೂದುದೇ ಸಾಕಲ್ಲ? ಅದು ಸಾವಿರದ ಮುನ್ನೂರು ಎಳೆಯುತ್ತೆ. ತೂಕ ಹಾಕ್ಸಿದ್ದೀರಾ?"

"ಏನಪ್ಪಾ, ನೀನು ತೊಟ್ಟಿಲಲ್ಲಿದ್ದಾಗಿಂದ ಎಳೀತಾ ಇದ್ದೀನಿ ನಾನು."

"ಎಳೆಯೋದು ಬೇರೆ, ತೂಗೋದು ಬೇರೆ," ಎಂದು ಯೋರಿಟ್ ನಕ್ಕ. "ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು ನೋಡಿ."

ಆಫ್ಕೆ ಎರಡು ಕಾರಿನ ನಡುವೆ ನಿಂತು ಬೇರೆಯದೇ ಲೆಕ್ಕ ಹಾಕುತ್ತಿದ್ದಳು. ಅವಳದ್ದು ಸಾದಾ ಲೈಸೆನ್ಸು. ಕಾರು ಮತ್ತು ಕ್ಯಾರವಾನು, ಎರಡರ ಫಲಕದಲ್ಲಿ ಬರೆದಿರುವ ಗರಿಷ್ಠ ಭಾರ ಸೇರಿ ಮೂರೂವರೆ ಸಾವಿರ ಕಿಲೋ ಮೀರಿದರೆ ಆ ಲೈಸೆನ್ಸಿನಲ್ಲಿ ಎಳೆಯುವಂತಿಲ್ಲ. ಬೂದು ಕಾರಾದರೆ ಆರಾಮಾಗಿ ಒಳಗೆ ಬರುತ್ತದೆ. ನೀಲಿ ಕಾರಾದರೆ ಮೀರುತ್ತದೆ, ಅದಕ್ಕೆ ಬೇರೆ ಪರೀಕ್ಷೆ ಕಟ್ಟಿರಬೇಕು. ಮನೆಯಲ್ಲಿ ಆ ಪರೀಕ್ಷೆ ಪಾಸಾದವನು ವಾಲಿಂಗ್ ಒಬ್ಬನೇ. ನೀಲಿ ಕಾರು ಕೊಳ್ಳುವುದೆಂದರೆ ಅದು ಅವನು ಓಡಿಸುವ ಕಾರು. ಅವನು ಓಡಿಸುವಂತಿಲ್ಲ. ಅಂದರೆ ಅದು ಅಂಗಳದಲ್ಲಿ ನಿಲ್ಲುವ ಕಾರು.

ಇದು ವಾಲಿಂಗನಿಗೂ ಗೊತ್ತಿತ್ತೆ? ಗೊತ್ತಿರಲೇಬೇಕು. ಲೈಸೆನ್ಸಿನ ಕಾನೂನು ಊರಿಗೆಲ್ಲ ಹೇಳಿಕೊಡುತ್ತಿದ್ದವನೇ ಅವನು. ಆದರೂ ಸ್ಟೀರಿಂಗ್ ಹಿಡಿದ ಆ ಮುಖದ ಖುಷಿ ನೋಡಿ ಅವಳು ಆ ಲೆಕ್ಕವನ್ನು ತನ್ನಲ್ಲೇ ಇಟ್ಟುಕೊಂಡಳು.

"ತೂಕ ಹಾಕ್ಸೋಣ," ಎಂದಳು. "ಆಮೇಲೆ ಯಾವ್ದು ಅಂತ ಹೇಳ್ತೀವಿ. ಶನಿವಾರದ ತನಕ ಎರಡನ್ನೂ ಇಟ್ಕೊಂಡಿರು ಯೋರಿಟ್."

"ತೂಕ ಹಾಕ್ಸೋದಂತೆ," ಎಂದು ವಾಲಿಂಗ್ ದಾರಿಯುದ್ದಕ್ಕೂ ಗೊಣಗಿದ. ಅವನ ಗೊಣಗಾಟ ಕೇಳಿ ಅವಳಿಗೆ ಸಮಾಧಾನವೇ ಆಯಿತು. ಕಿಟಕಿಯ ಕುರ್ಚಿಯಲ್ಲಿ ಅವನು ಗೊಣಗುತ್ತಲೂ ಇರಲಿಲ್ಲ.

ತೂಕ ಹಾಕಿಸಲು ದೂರ ಹೋಗಬೇಕಾಗಿರಲಿಲ್ಲ. ಸೀಟ್ಸೆಯ ಹೊಲದ ಪಕ್ಕದಲ್ಲೇ ಆಲೂಗಡ್ಡೆ ಬೀಜದ ದಾಸ್ತಾನು ಮಳಿಗೆ ಇದೆ, ಅದರ ಅಂಗಳದಲ್ಲಿ ಲಾರಿ ತೂಗುವ ಕಾಟಾ ಇದೆ. ಸೀಟ್ಸೆ ತನ್ನ ಟ್ರ್ಯಾಕ್ಟರಿಗೆ ಕ್ಯಾರವಾನನ್ನು ಸಿಕ್ಕಿಸಿಕೊಂಡು ಬಂದು, ಕಾಟಾದ ಮೇಲೆ ಬಿಟ್ಟು, ಟ್ರ್ಯಾಕ್ಟರನ್ನು ಆಚೆ ತೆಗೆದ. ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಕಾಟಾದ ಮನೆಯಲ್ಲಿ ಕುಳಿತು ಊರಿನ ಪ್ರತಿಯೊಂದು ಗಾಡಿಯನ್ನೂ ತೂಗಿದವನು ಬೇರಾರೂ ಅಲ್ಲ, ನಮ್ಮ ವಾಲಿಂಗ್. ನಿವೃತ್ತನಾಗುವ ತನಕ ಅವನ ಕೆಲಸವೇ ಅದು. ಒಂದು ಮೂಟೆ ಹೆಚ್ಚು ಹೇರಿದ್ದರೂ ಕನ್ನಡಕದ ಮೇಲಿಂದ ನೋಡಿ ಇಳಿಸು ಅನ್ನುತ್ತಿದ್ದ. ತನ್ನ ಸ್ವಂತ ಕ್ಯಾರವಾನನ್ನು ಅದರ ಮೇಲೆ ಒಂದು ದಿನವೂ ಹತ್ತಿಸಿರಲಿಲ್ಲ. ಮಾಸ್ತರ ಮಗ ದಡ್ಡ ಅನ್ನುವುದು ಸುಮ್ಮನೆ ಅಲ್ಲ.

ಅಂಕಿ ಮೂಡಿತು. ಸಾವಿರದ ನಾನೂರ ಎಪ್ಪತ್ತು.

ವಾಲಿಂಗ್ ಕಾಟಾದ ಅಂಚಿಗೆ ಹೋಗಿ ಬಗ್ಗಿ, ಕಲ್ಲು ಗಿಲ್ಲು ಸಿಕ್ಕಿಕೊಂಡಿದೆಯೇ ಎಂದು ನೋಡಿದ.

"ಕಾಟಾ ಸರಿಯಿಲ್ಲ," ಎಂದ.

"ಹೋದ ಸೆಪ್ಟೆಂಬರ್‌ನಲ್ಲಿ ನನ್ನ ಗಾಡಿ ತೂಗ್ದಾಗ ಸರಿಯಿತ್ತಲ್ಲ," ಎಂದ ಸೀಟ್ಸೆ. "ನೀನೇ ಬಂದು ನಿಂತು, ಈ ಕಾಟಾ ಸುಳ್ಳು ಹೇಳಲ್ಲ ಸೀಟ್ಸೆ, ನಿನ್ನ ಆಲೂಗಡ್ಡೇಲಿ ಮಣ್ಣು ಜಾಸ್ತಿ ಅಂದಿದ್ದೆ."

"ಒಳಗೇನೂ ಇಲ್ಲ. ಬಟ್ಟೆ ಸಹ ಇಲ್ಲ."

"ಹಾಗಾದ್ರೆ ದೆವ್ವ ಕೂತಿರ್ಬೇಕು. ಆಫ್ಕೆ, ಬಾಗಿಲು ತೆಗಿ, ನೋಡೇಬಿಡೋಣ."

ಆಫ್ಕೆ ಬಾಗಿಲು ತೆಗೆದಳು. ಆರು ತಿಂಗಳ ಮುಗ್ಗಲು ವಾಸನೆಯ ಜೊತೆ ಮಣ್ಣಿನ ವಾಸನೆಯೂ ಬಂತು. ಮಂಚದ ಹಲಗೆ ಎತ್ತಿದರೆ ವಾಲಿಂಗ್ ಸ್ವತಃ ಮಾಡಿದ ಓಕ್ ಮರದ ಪೆಟ್ಟಿಗೆ, ಗಾಳಿಯಾಡಲು ಸಾಲುಸಾಲು ತೂತು ಕೊರೆದದ್ದು, ಮೂರು ಮೂಟೆ ಆಲೂಗಡ್ಡೆ ಹಿಡಿಯುವಂಥದ್ದು. ಅದರಲ್ಲಿ ಹೋದ ಬೇಸಗೆಯಲ್ಲಿ ಉಳಿದ ಒಂದೂವರೆ ಮೂಟೆ ಹಾಗೇ ಇತ್ತು. ಗಡ್ಡೆಗಳು ಸುಕ್ಕುಗಟ್ಟಿ, ಕತ್ತಲಲ್ಲಿ ಉದ್ದುದ್ದ ಬಿಳಿ ಮೊಳಕೆ ಬಿಟ್ಟು ತೂತುಗಳಿಂದ ಆಚೆ ಇಣುಕುತ್ತಿದ್ದವು.

"ಫ್ರಾನ್ಸಿನಲ್ಲಿ ಆಲೂಗಡ್ಡೆ ಸಿಗಲ್ವೇನಯ್ಯಾ?" ಎಂದು ಸೀಟ್ಸೆ ಕೇಳಿದ.

"ಅದನ್ನ ಆಲೂಗಡ್ಡೆ ಅಂತಾರಾ? ಬೇಯ್ಸಿದ್ರೆ ಸೋಪು," ಎಂದ ವಾಲಿಂಗ್.

ಬಿಲ್ಟಿನವರನ್ನು ನೋಡಿ ಇದಕ್ಕೆ ನಗಬೇಡಿ. ಕಡಲಿನಿಂದ ಗೆದ್ದ ಜೇಡಿಮಣ್ಣಿನಲ್ಲಿ ಬೆಳೆದ ಕೆಂಪುಸಿಪ್ಪೆಯ ಗಡ್ಡೆ ತಿಂದು ಬೆಳೆದ ನಾಲಿಗೆಗೆ ಬೇರೆಯದು ರುಚಿಸುವುದಿಲ್ಲ. ಸಾವಿರ ಮೈಲಿ ಹೊತ್ತುಕೊಂಡು ಹೋಗಿ, ಹೊಳೆದಂಡೆಯಲ್ಲಿ ಬೇಯಿಸಿ, ಪಕ್ಕದ ಬಿಡಾರಗಳಿಗೆಲ್ಲ ಹಂಚಿ, ಅವರು ತಿನ್ನುವಾಗ ಮುಖ ನೋಡುವುದು ವಾಲಿಂಗನ ವಾರ್ಷಿಕ ಹಬ್ಬ. ಹಾಗಂತ ತೂಕ ಬಿಡುತ್ತದೆಯೇ?

ಒಂದೊಂದೇ ಕೆಳಗಿಳಿಯಿತು. ಸೀಟ್ಸೆ ಮೊದಲು ಹೊತ್ತದ್ದು ಪೆಟ್ಟಿಗೆ. ಆಮೇಲೆ ನಿಲ್ಲಿಸಿದಾಗ ಕ್ಯಾರವಾನಿನ ಕಾಲು ಮಣ್ಣಿನಲ್ಲಿ ಕುಸಿಯದಿರಲಿ ಎಂದು ಇಟ್ಟ ಕಾಂಕ್ರೀಟಿನ ಬಿಲ್ಲೆಗಳು, ಒಂದರ ಬದಲು ಎರಡು ಗ್ಯಾಸ್ ಸಿಲಿಂಡರು, ಕಬ್ಬಿಣದ ಕಂಬಗಳ ಹಳೇ ಗುಡಾರ, ಖಾಲಿ ಮಾಡಲು ಮರೆತ ನೀರಿನ ಟ್ಯಾಂಕು. ಕಡಲೆಕಾಯಿ ಬೆಣ್ಣೆಯ ಬಾಟಲಿಗಳೇ ಒಂದು ಅಂಗಡಿಗಾಗುವಷ್ಟು. ಕಡಲೆಕಾಯಿ ಬೆಣ್ಣೆ ಆಫ್ಕೆಯದು, ಆದ್ದರಿಂದ ಅವಳೂ ಸ್ವಲ್ಪ ತಲೆ ತಗ್ಗಿಸಿದಳು. ಎರಡನೇ ಸಲ ಕಾಟಾದ ಮೇಲೆ ಹತ್ತಿಸಿದಾಗ ಸಾವಿರದ ಇನ್ನೂರ ಹತ್ತು ಬಂತು.

"ನೋಡಿದ್ಯಾ?" ಎಂದ ವಾಲಿಂಗ್. "ನಾನು ಹೇಳಿದ್ದೇ ಬಂತು."

"ಸರಿ, ಹಾಗಾದ್ರೆ ಬೂದು ಕಾರು ಸಾಕು," ಎಂದಳು ಆಫ್ಕೆ.

"ಬೂದು ಯಾಕೆ? ನೀಲಿ ತಗೊಂಡ್ರೆ ಇದನ್ನೆಲ್ಲ ವಾಪಸ್ ತುಂಬ್ಕೋಬಹುದು."

"ಫಲಕದಲ್ಲಿ ಸಾವಿರದ ಮುನ್ನೂರು ಅಂತ ಬರ್ದಿದೆ. ಯಾವ ಕಾರು ಎಳೆದ್ರೂ ಈ ಕ್ಯಾರವಾನ್ ಅದಕ್ಕಿಂತ ಹೊರೋ ಹಾಗಿಲ್ಲ. ನಿಂಗೆ ಗೊತ್ತಿಲ್ವಾ?"

"ಇಷ್ಟು ವರ್ಷ ಹೊತ್ತಿಲ್ವಾ? ಏನಾಯ್ತು? ಓಡ್ಸೋನಿಗೆ ಕೈ ಪಳಗಿದ್ರೆ ಆಯ್ತು. ಜುಲೈ ಹೊತ್ತಿಗೆ ಹೊಸ ಕನ್ನಡಕ ಬರುತ್ತೆ, ನಾನು..."

"ವಾಲಿಂಗ್."

ಅವಳು ದನಿ ಏರಿಸಲಿಲ್ಲ. ಆದರೂ ಸೀಟ್ಸೆಗೆ ಏನೋ ಅರ್ಥವಾಗಿ, ಟ್ರ್ಯಾಕ್ಟರಿನ ಆಚೆ ಬದಿಗೆ ಹೋಗಿ ಚಕ್ರದ ಗಾಳಿ ನೋಡುವವನಂತೆ ಕುಕ್ಕರಗಾಲಲ್ಲಿ ಕುಳಿತ.

"ನೀನು ಇನ್ನು ಓಡ್ಸಲ್ಲ," ಎಂದಳು ಆಫ್ಕೆ. "ಜುಲೈಗೂ ಇಲ್ಲ, ಮುಂದಿನ ವರ್ಷಕ್ಕೂ ಇಲ್ಲ. ಕನ್ನಡಕದಿಂದ ಬರೋದಲ್ಲ ಅದು. ನಾನು ಓಡಿಸ್ತೀನಿ. ನೀಲಿ ಕಾರಿಗೆ ಈ ಕ್ಯಾರವಾನ್ ಸಿಕ್ಕಿಸ್ಕೊಂಡು ಓಡ್ಸೋಕೆ ನನ್ನ ಲೈಸೆನ್ಸ್ ಸಾಲಲ್ಲ, ಅದು ನಿಂಗೆ ನನಗಿಂತ ಚೆನ್ನಾಗಿ ಗೊತ್ತು. ಬೂದುದು ತಗೊಂಡ್ರೆ ಹೊಳೆದಂಡೆಗೆ ಹೋಗ್ತೀವಿ. ನೀಲಿ ತಗೊಂಡ್ರೆ ಕ್ಯಾರವಾನ್ ಹೈನನ ಮನೆಗೆ ಹೋಗುತ್ತೆ. ಬೇರೆ ದಾರಿ ಇಲ್ಲ."

ಮದುವೆಯಾದಾಗಿನಿಂದ ಅವನಿಗೆ ಹೀಗೆ ಎದುರಾಗಿ ಹೇಳಿದ್ದಿಲ್ಲ. ಹೇಳುವ ಪ್ರಸಂಗವೂ ಬಂದಿರಲಿಲ್ಲ.

ವಾಲಿಂಗ್ ಆಲೂಗಡ್ಡೆ ಪೆಟ್ಟಿಗೆಯ ಮೇಲೆ ಕುಳಿತ. ಕಾಟಾದ ಮನೆಯ ಕಿಟಕಿಯತ್ತ ನೋಡಿದ. ಅಲ್ಲಿ ಈಗ ಯಾರೂ ಕೂರುವುದಿಲ್ಲ, ಅಂಕಿ ತಾನಾಗಿ ಮೂಡುತ್ತದೆ.

"ಅಲ್ಲಿ ಮರದ ಕೆಳಗೆ ಹಿಂದಕ್ಕೆ ಬಿಡೋದು ಯಾರು?" ಎಂದ.

"ಬಿಡಲ್ಲ. ಕೊಂಡಿ ಬಿಚ್ಚಿ ಕೈಯಲ್ಲಿ ತಳ್ತೀವಿ. ಅಲ್ಲಿ ಜನ ಇರ್ತಾರೆ, ಕೈ ಹಾಕ್ತಾರೆ."

"ತಳ್ಳಿಸ್ಕೊಳ್ಳೋದಾ?" ಅವನ ಮುಖ ಹುಳ್ಳಗಾಯಿತು. "ಎಲ್ಲರೂ ಕಾಫಿ ಲೋಟ ಕೆಳಗಿಟ್ಟು ಓಡಿ ಬರ್ತಾರೆ ಆಫ್ಕೆ. ವಾಲಿಂಗನ ಕ್ಯಾರವಾನ್ ತಳ್ಳೋಕೆ."

ಅದು ಎಂಥ ಅವಮಾನ ಎಂದು ಹೊರಗಿನವರಿಗೆ ಅರ್ಥವಾಗದು. ಆ ಬಯಲಲ್ಲಿ ಹೊಸ ಕ್ಯಾರವಾನು ಬಂದರೆ ಎಲ್ಲರೂ ಮಡಚುಕುರ್ಚಿ ತಿರುಗಿಸಿಕೊಂಡು ನೋಡುತ್ತಾರೆ. ಹಿಂದಕ್ಕೆ ಬಿಡುವಾಗ ಎಡವಿದವರ ಕ್ಯಾರವಾನನ್ನು ನಗುತ್ತ ಎದ್ದು ಬಂದು ತಳ್ಳುತ್ತಾರೆ. ಇಷ್ಟು ವರ್ಷಗಳಲ್ಲಿ ವಾಲಿಂಗ್ ಎದ್ದು ಬಂದವರ ಪೈಕಿಯೇ ಹೊರತು ತಳ್ಳಿಸಿಕೊಂಡವರ ಪೈಕಿ ಅಲ್ಲ.

"ಓಡಿ ಬರ್ಲಿ," ಎಂದಳು ಆಫ್ಕೆ. "ನೀನು ಎಷ್ಟು ಜನರದ್ದು ತಳ್ಳಿದ್ದೀಯ. ಒಂದ್ಸಲ ಅವ್ರೂ ತಳ್ಳಲಿ."

ಸೀಟ್ಸೆ ಕ್ಯಾರವಾನನ್ನು ಮತ್ತೆ ಕೊಟ್ಟಿಗೆಯ ಬಾಗಿಲಿಗೆ ಎಳೆದುಕೊಂಡು ಹೋದ. ಆ ಸಂಜೆಯೂ, ಮಾರನೆಯ ದಿನವೂ ವಾಲಿಂಗ್ ಕಿಟಕಿಯ ಕುರ್ಚಿಯಲ್ಲೇ ಇದ್ದ. ಸರಿ, ಸರಿ ಎಂಬ ಎರಡು ಮಾತು ಬಿಟ್ಟರೆ ಅವನ ಬಾಯಿಂದ ಏನೂ ಬರಲಿಲ್ಲ. ತಾನು ಮಾಡಿದ್ದು ತಪ್ಪಾಯಿತೇನೋ ಎಂದು ಆಫ್ಕೆ ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡಳು. ಕ್ಯಾರವಾನು ಉಳಿಸಲು ಹೋಗಿ ಮನುಷ್ಯನನ್ನೇ ಮುರಿದೆನೇ? ಹೈನನಿಗೆ ಫೋನು ಮಾಡಿ ಒಪ್ಪಿಸಿಬಿಡಲೇ ಎಂದೂ ಒಮ್ಮೆ ಅನ್ನಿಸಿತು.

ಶನಿವಾರ ಬೆಳಿಗ್ಗೆ ಅವಳು ಕೋಟು ಹಾಕಿಕೊಂಡು ಒಬ್ಬಳೇ ಹೊರಡುವವಳಿದ್ದಳು. ಬಾಗಿಲಲ್ಲಿ ನೋಡಿದರೆ ವಾಲಿಂಗ್ ಬೂಟು ಹಾಕಿ ನಿಂತಿದ್ದ. ಇಬ್ಬರೂ ಬಸ್ಸು ಹತ್ತಿದರು.

ಯೋರಿಟನ ಅಂಗಳದಲ್ಲಿ ಎರಡು ಕಾರೂ ಅಕ್ಕಪಕ್ಕ ನಿಂತಿದ್ದವು. ಅವನು ನೀಲಿ ಕಾರನ್ನು ತೊಳೆದು ಮಿಂಚಿಸಿದ್ದ. ಗಿರಾಕಿಯ ಕಣ್ಣು ಯಾವುದರ ಮೇಲಿದೆ ಎಂದು ವ್ಯಾಪಾರಿಗೆ ಹೇಳಿಕೊಡಬೇಕೆ?

"ಏನಂತು ತೂಕ?" ಎಂದು ಕೇಳಿದ.

ವಾಲಿಂಗ್ ನೀಲಿ ಕಾರಿನ ಮುಂದೆ ನಿಂತು ಅದರ ಮೇಲೆ ಒಮ್ಮೆ ಅಂಗೈ ಇಟ್ಟ. ಆಮೇಲೆ ಅದನ್ನು ದಾಟಿ ಬೂದು ಕಾರಿನ ಹತ್ತಿರ ಹೋಗಿ ಚಾಲಕನ ಬಾಗಿಲು ತೆರೆದು ಒಳಗೆ ಕುಳಿತ. ಆಫ್ಕೆ ಒಂದು ಹೆಜ್ಜೆ ಮುಂದಿಟ್ಟಳು. ಇದನ್ನೂ ತಾನೇ ಓಡಿಸುತ್ತೇನೆ ಎನ್ನುವನೇ?

ಅವನು ಸೀಟಿನ ಕೆಳಗೆ ಕೈ ಹಾಕಿ ಹಿಡಿ ಎಳೆದ. ಸೀಟು ಒಂದು ಹಲ್ಲು ಮುಂದಕ್ಕೆ ಹೋಯಿತು. ಇನ್ನೊಮ್ಮೆ ಎಳೆದ, ಇನ್ನೊಂದು ಹಲ್ಲು. ಅವನ ಮೊಣಕಾಲು ಸ್ಟೀರಿಂಗಿನ ಕೆಳಗೆ ಬಡಿಯಿತು, ಆದರೂ ಬಿಡಲಿಲ್ಲ. ಹೊಟ್ಟೆ ಒತ್ತುವ ತನಕ, ಮನುಷ್ಯ ಮಡಚಿಟ್ಟ ಕುರ್ಚಿಯಂತೆ ಆಗುವ ತನಕ ಮುಂದಕ್ಕೆ ತಂದ. ಯೋರಿಟ್ ಸಹಾಯಕ್ಕೆ ಬಂದರೆ ಕೈಯಾಡಿಸಿ ಬೇಡ ಎಂದ. ಹೇಗೋ ಕಾಲೊಂದೊಂದಾಗಿ ಎಳೆದುಕೊಂಡು ಹೊರಗೆ ಬಂದು, ಏದುಸಿರು ಬಿಡುತ್ತ ಬಾಗಿಲು ಹಿಡಿದು ನಿಂತ.

"ಬಾ, ಕೂತ್ಕೋ," ಎಂದ ಹೆಂಡತಿಗೆ. "ಬ್ರೇಕಿಗೆ ಪಾದ ಪೂರ್ತಿ ಸಿಗ್ಬೇಕು, ಬೆರಳ ತುದೀಲಿ ಒತ್ತೋ ಹಾಗಿರ್ಬಾರ್ದು. ಸಿಗುತ್ತಾ?"

ಅವಳು ಕುಳಿತಳು. ಪಾದ ಪೂರ್ತಿ ಸಿಕ್ಕಿತು. ತಲೆಯಾಡಿಸಿದಳು.

"ಒಂದು ಸುತ್ತು ಹೋಗಿ ಬನ್ನಿ," ಎಂದು ಯೋರಿಟ್ ಕೀಲಿ ಕೊಟ್ಟ.

ವಾಲಿಂಗ್ ಕಾರಿನ ಮುಂಭಾಗವನ್ನು ಸವರಿಕೊಂಡು ಸುತ್ತಿ ಬಂದು ಚಾಲಕನ ಪಕ್ಕದ, ಬಲಗಡೆಯ ಸೀಟಿನಲ್ಲಿ ಕುಳಿತ. ಆ ಸೀಟು ಅವನಿಗೆ ಹೊಸದು, ಪಟ್ಟಿ ಎಲ್ಲಿದೆ ಎಂದು ತಡಕಾಡಿದ. ಹಾಕಿಕೊಂಡ ಮೇಲೆ ನೆಟ್ಟಗೆ ಮುಂದೆ ನೋಡಿದ.

"ಬಲಗಡೆ ಕನ್ನಡಿ ನಾನು ನೋಡ್ಕೋತೀನಿ. ರಸ್ತೆ ಅಂಚು, ಹಳ್ಳ, ಸೈಕಲ್ಲು, ಎಲ್ಲ ಹೇಳ್ತೀನಿ," ಎಂದ. ಆಮೇಲೆ ನವೆಂಬರಿನಿಂದ ಯಾರ ಮುಂದೆಯೂ ಒಪ್ಪದ ಮಾತನ್ನು ಹೇಳಿದ. "ಎಡಗಡೆ ನಂಗೆ ಏನೂ ಕಾಣಲ್ಲ ಆಫ್ಕೆ. ನೀನೂ ಕಾಣ್ತಾ ಇಲ್ಲ. ಅಲ್ಲಿದ್ದೀಯ ತಾನೆ?"

"ಇದ್ದೀನಿ," ಎಂದು ಆಫ್ಕೆ ಕಾರನ್ನು ಒಡ್ಡಿನ ರಸ್ತೆಗೆ ಹತ್ತಿಸಿದಳು.